ಕುತ್ತಿಗೆ ನೋವು: ಕೈಚಿಕಿತ್ಸೆ ಯಾರಿಗೆ ಹತ್ತುತ್ತದೆ, ಮೊದಲೇ ಹೇಳಬಹುದೇ?

ಪ್ರಶ್ನೆ: ಸರ, ನಾನು ಬೀದರದಾಂವ. ವಯಸ್ಸು 46. ಬಿದ್ರಿ ಕೆಲಸ ಮಾಡ್ತೀನಿ, ಚಿತ್ರ ಕೆತ್ತೋದು, ಬೆಳ್ಳಿ ತಂತಿ ಕೂಡ್ಸೋದು. ಎರಡು ವರ್ಷ ಆತು, ಕುತಗಿ ನೋಯ್ತದ. ಬಲಕ್ಕ ತಿರುಗಿಸಿದ್ರ ಹಿಡೀತದ. ಎಕ್ಸ್‌ರೇದಾಗ ಮಣಿ ಸವದಾವ ಅಂದ್ರು. ನಮ್ಮ ಭಾವಗೂ ಇದೇ ತ್ರಾಸ ಇತ್ತು. ಕಲಬುರಗ್ಯಾಗ ಫಿಜಿಯೋಥೆರಪಿಸ್ಟರ ಕಡಿಂದ ನಾಲ್ಕು ಸಲ ಕೈಲೆ ಮಾಡಿಸ್ಕೊಂಡ, ಪೂರಾ ಕಡಿಮಿ ಆತು. ನಾನೂ ಹೋಗ್ಬೇಕಂತೀನಿ, ಆದ್ರ ಒಂದ್ಸಲ ಹೋಗಿ ಬಂದ್ರ ಒಂದು ದಿನದ ದುಡಿಮಿ ಹೋಗ್ತದ. ನನಗ ಹತ್ತತದೋ ಇಲ್ಲೋ ಮೊದಲೇ ಗೊತ್ತು ಮಾಡ್ಕೊಳ್ಳೋ ದಾರಿ ಅದ ಏನ್ರಿ? ಇತ್ತೀಚಿಗೆ ರಾತ್ರಿ ಬಲಗೈ ಬೆರಳು ಜೋಮು ಹಿಡೀತಾವ, ಅದೂ ಕುತಗಿದೇ ಇರ್ಬೇಕು.

ಉತ್ತರ: ನಿಮ್ಮ ಕೊನೆಯ ಸಾಲನ್ನೇ ಮೊದಲು ಎತ್ತಿಕೊಳ್ಳುತ್ತೇನೆ. ಉಳಿದ ಉತ್ತರವೆಲ್ಲ ಅದರ ಮೇಲೆ ನಿಂತಿದೆ.

ಬೆರಳು ಜೋಮು ಹಿಡಿಯುವುದು ಕುತ್ತಿಗೆಯದೇ ಇರಬೇಕು ಎಂದು ನೀವೇ ತೀರ್ಮಾನ ಮಾಡಿಬಿಟ್ಟಿದ್ದೀರಿ. ಇರಬಹುದು. ಆದರೆ ದಿನವಿಡೀ ಉಳಿ, ಸುತ್ತಿಗೆ ಹಿಡಿಯುವ ಕೈಗೆ ಮಣಿಕಟ್ಟಿನ ಹತ್ತಿರವೇ ನರ ಒತ್ತಿಕೊಳ್ಳುವುದುಂಟು. ಅದಕ್ಕೆ ಕಾರ್ಪಲ್ ಟನಲ್ ತೊಂದರೆ ಎನ್ನುತ್ತಾರೆ. ಅದರ ಗುರುತು ಹೀಗೆ: ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುತ್ತವೆ, ಕಿರುಬೆರಳಿಗೆ ಏನೂ ಆಗುವುದಿಲ್ಲ. ನಡುರಾತ್ರಿ ಎಚ್ಚರವಾಗುತ್ತದೆ, ಕೈ ಝಾಡಿಸಿದರೆ ಆರಾಮ ಅನಿಸುತ್ತದೆ. ಕುತ್ತಿಗೆಯಲ್ಲಿ ನರ ಒತ್ತಿದ್ದರೆ ಕಥೆ ಬೇರೆ. ತಲೆಯನ್ನು ಹಿಂದಕ್ಕೆ ಚೆಲ್ಲಿ ಬಲಕ್ಕೆ ಬಾಗಿಸಿದಾಗ ಭುಜದಿಂದ ತೋಳಿಗೆ ಝುಮ್ಮೆಂದು ಇಳಿಯುತ್ತದೆ, ಅದೇ ಕೈಯನ್ನು ತಲೆಯ ಮೇಲಿಟ್ಟುಕೊಂಡರೆ ಹಗುರಾಗುತ್ತದೆ. ಎರಡೂ ಕೈ, ಎರಡೂ ಪಾದ ಒಟ್ಟಿಗೆ ಉರಿಯುತ್ತಿದ್ದರೆ ಮೊದಲು ರಕ್ತದ ಸಕ್ಕರೆ ನೋಡಬೇಕು. ಮಣಿಕಟ್ಟಿನ ನರದ ತೊಂದರೆಯಿದ್ದವರು ಕುತ್ತಿಗೆಗೆ ಎಷ್ಟು ಸಲ ಚಿಕಿತ್ಸೆ ಮಾಡಿಸಿಕೊಂಡರೂ ಬೆರಳಿನ ಜೋಮು ಹೋಗುವುದಿಲ್ಲ. ಆಮೇಲೆ ಅವರು "ನನಗೆ ಹತ್ತಲಿಲ್ಲ" ಎನ್ನುತ್ತಾರೆ. ಹತ್ತಬೇಕಾದ ಜಾಗಕ್ಕೆ ಚಿಕಿತ್ಸೆ ಹೋಗಿಯೇ ಇರುವುದಿಲ್ಲ.

ಇದಕ್ಕಾಗಿ ಕಲಬುರಗಿಯವರೆಗೆ ಬರಬೇಕಿಲ್ಲ. ನಿಮ್ಮೂರಿನ ಬ್ರಿಮ್ಸ್ ಆಸ್ಪತ್ರೆಯ ಎಲುಬು-ಕೀಲು ವಿಭಾಗದಲ್ಲಿ ಕುತ್ತಿಗೆ, ಭುಜ, ಮಣಿಕಟ್ಟು ಮೂರನ್ನೂ ತೋರಿಸಿ, ಸಕ್ಕರೆಯನ್ನೂ ಪರೀಕ್ಷೆ ಮಾಡಿಸಿ.

ಕೈಚಿಕಿತ್ಸೆ, ಅಂದರೆ ಕೈಯಿಂದ ಒತ್ತಿ, ಆಡಿಸಿ ಮಾಡುವ ಚಿಕಿತ್ಸೆ, ಯಾರಿಗೆ ಹತ್ತುತ್ತದೆ ಎಂಬುದಕ್ಕಿಂತ ಯಾರ ಕುತ್ತಿಗೆಗೆ ಕೈ ಹಚ್ಚಬಾರದು ಎಂಬುದು ನಮಗೆ ಚೆನ್ನಾಗಿ ಗೊತ್ತಿದೆ. ನಡೆಯುವಾಗ ತೂರಾಡಿದಂತಾಗುವುದು, ಕಾಲಿನಿಂದ ಚಪ್ಪಲಿ ಜಾರಿದ್ದೇ ತಿಳಿಯದಿರುವುದು, ಅಂಗಿಯ ಗುಂಡಿ ಹಾಕಲು ತಡವರಿಸುವುದು, ಮೂತ್ರದ ಹಿಡಿತ ತಪ್ಪುವುದು, ಇವು ಬೆನ್ನುಹುರಿಯೇ ಒತ್ತಿಕೊಂಡಿರುವ ಸೂಚನೆಗಳು. ನಿಮ್ಮ ಕೆಲಸದಲ್ಲಾದರೆ ಸಣ್ಣ ಬೆಳ್ಳಿ ತಂತಿಯನ್ನು ಎತ್ತಿಕೊಳ್ಳುವಾಗ ಬೆರಳು ಮಾತು ಕೇಳುತ್ತಿಲ್ಲ ಎಂದು ಮೊದಲು ತಿಳಿಯಬಹುದು. ಸಂಜೆ ಜ್ವರ, ತೂಕ ಇಳಿಯುವುದು, ಮಲಗಿದರೂ ಬಿಡದ ರಾತ್ರಿ ನೋವು ಇದ್ದರೆ ಕ್ಷಯವನ್ನು ನೆನಪಿಡಬೇಕು. ಅದು ಎದೆಗಷ್ಟೇ ಅಲ್ಲ, ಬೆನ್ನುಮೂಳೆಗೂ ಬರುತ್ತದೆ. ಹಿಂದೆ ಕ್ಯಾನ್ಸರ್ ಆಗಿದ್ದವರು, ಬೈಕಿನಿಂದ ಬಿದ್ದ ಮೇಲೆ ನೋವು ಶುರುವಾದವರು, ಬಹಳ ವರ್ಷಗಳಿಂದ ರುಮಟಾಯ್ಡ್ ಸಂಧಿವಾತ ಇರುವವರು ಮೊದಲು ವೈದ್ಯರ ಬಳಿ ಹೋಗಬೇಕು. ಈ ಸಂಧಿವಾತದಲ್ಲಿ ಕುತ್ತಿಗೆಯ ಮೇಲಿನ ಎರಡು ಮಣಿಗಳ ನಡುವಿನ ಬಿಗಿ ಸಡಿಲವಾಗಿರಬಹುದು. ಹಿಂದೆಂದೂ ಬಾರದಂಥ ಕುತ್ತಿಗೆ ನೋವು ಇಲ್ಲವೇ ತಲೆನೋವು ಹಠಾತ್ತನೆ ಬಂದು, ಜೊತೆಗೆ ತಲೆ ತಿರುಗಿ, ಒಂದು ಎರಡಾಗಿ ಕಂಡು, ಮಾತು ತೊದಲಿದರೆ ಅದೇ ಗಳಿಗೆಯಲ್ಲಿ ಆಸ್ಪತ್ರೆಗೆ ಓಡಬೇಕು.

ನೋವು ಬಂದಾಗ ನಮ್ಮ ಕಡೆ ಬಹಳ ಜನ ಮೊದಲು ಹೋಗುವುದು ಕಟಿಂಗ್ ಅಂಗಡಿಗೆ. ತಲೆ ತಿಕ್ಕಿಸಿಕೊಂಡು, ಕೊನೆಗೆ ಗದ್ದ ಹಿಡಿದು "ಕಟಕ್" ಎಂದು ತಿರುವಿಸಿಕೊಳ್ಳುತ್ತಾರೆ. ದಯವಿಟ್ಟು ಅದನ್ನು ಬಿಡಿ. 2024ರಲ್ಲಿ ಬಳ್ಳಾರಿಯ ಯುವಕನೊಬ್ಬ ಹೀಗೆ ಕ್ಷೌರದಂಗಡಿಯಲ್ಲಿ ಕುತ್ತಿಗೆ ತಿರುವಿಸಿಕೊಂಡ ಮೇಲೆ ಪಾರ್ಶ್ವವಾಯುವಿಗೆ ತುತ್ತಾದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ಮೆದುಳಿಗೆ ರಕ್ತ ಒಯ್ಯುವ ನಾಳಗಳು ಕುತ್ತಿಗೆಯ ಮಣಿಗಳ ಪಕ್ಕದಲ್ಲೇ ಏರುತ್ತವೆ. ಜೋರಾಗಿ ತಿರುವಿದಾಗ ನಾಳದ ಒಳಪದರ ಹರಿದು, ಅಲ್ಲಿ ರಕ್ತ ಹೆಪ್ಪುಗಟ್ಟಿ, ಆ ಹೆಪ್ಪು ಮೆದುಳಿಗೆ ಹೋಗಬಹುದು. ಅಪರೂಪ ನಿಜ, ಆದರೆ ಆದವರಿಗೆ ಅಪರೂಪ ಎಂಬ ಮಾತಿನಿಂದ ಸಮಾಧಾನವಿಲ್ಲ. ಇನ್ನೊಂದು ವಿಷಯವನ್ನೂ ಹೇಳಬೇಕು. ಕುತ್ತಿಗೆಯನ್ನು ಝಟ್ಟನೆ ತಿರುವಿ ಸದ್ದು ಬರಿಸುವ ವಿಧಾನಕ್ಕೂ, ಕೀಲನ್ನು ನಿಧಾನವಾಗಿ ಒತ್ತಿ ಆಡಿಸುವ ವಿಧಾನಕ್ಕೂ ಫಲದಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ ಎಂದು ಹಲವು ಪ್ರಯೋಗಗಳನ್ನು ಒಟ್ಟಿಗಿಟ್ಟು ತೂಗಿದ 2015ರ ಕಾಕ್ರೇನ್ ವಿಮರ್ಶೆಯೂ ಕಂಡಿತು. ನಿಧಾನದ ದಾರಿಯಲ್ಲೂ ಅಷ್ಟೇ ಫಲ ಸಿಗುವಾಗ ನಿಮ್ಮ ಕುತ್ತಿಗೆಗೆ ಝಟ್ಟನೆ ತಿರುವಿಸುವ ಅಗತ್ಯ ನನಗೆ ಕಾಣುವುದಿಲ್ಲ. ನಿಮ್ಮನ್ನು ನೋಡುವವರಿಗೆ ಇದನ್ನು ಬಾಯಿಬಿಟ್ಟು ಹೇಳಿ. ಹೇಳುವ ಹಕ್ಕು ನಿಮಗಿದೆ.

ಮೇಲಿನ ಅಪಾಯದ ಗುರುತುಗಳು ಯಾವುವೂ ನಿಮಗಿಲ್ಲ ಎಂದುಕೊಳ್ಳೋಣ. ಹಾಗಾದರೆ ಕೈಚಿಕಿತ್ಸೆ ಹತ್ತುತ್ತದೋ ಇಲ್ಲವೋ ಎಂದು ಮೊದಲೇ ಹೇಳಬಹುದೇ? ನೀವು ಕೇಳಿದ್ದನ್ನೇ ಜಗತ್ತಿನ ಸಂಶೋಧಕರೂ ಕೇಳಿಕೊಂಡರು, ಉತ್ತರ ಸಿಕ್ಕಿತು ಎಂದೂ ಕೆಲಕಾಲ ನಂಬಿದರು. 2006ರಲ್ಲಿ ತೈವಾನಿನಲ್ಲಿ 100 ರೋಗಿಗಳನ್ನು ನೋಡಿ ಆರು ಗುರುತುಗಳ ಪಟ್ಟಿ ಮಾಡಿದರು. 2007ರಲ್ಲಿ ಅಮೆರಿಕದಲ್ಲಿ ಇನ್ನೊಂದು ಪಟ್ಟಿ ಬಂತು, ಎಲ್ಲಕ್ಕಿಂತ ಹೆಸರಾದದ್ದು ಅದೇ. ಅಲ್ಲಿ ಕುತ್ತಿಗೆ ನೋವಿನ 78 ಜನರಿಗೆ ಎದೆಯ ಹಿಂಭಾಗದ ಬೆನ್ನುಮೂಳೆಗೆ ಚಿಕಿತ್ಸೆ ಕೊಟ್ಟರು. 42 ಜನರಿಗೆ ಒಳ್ಳೆಯ ಗುಣ ಕಂಡಿತು, ಅಂದರೆ ಶೇ 54. ಆ 42 ಜನರಲ್ಲಿ ಹೆಚ್ಚಾಗಿ ಕಂಡ ಗುರುತುಗಳನ್ನು ಹೆಕ್ಕಿದರು. ನೋವು ಶುರುವಾಗಿ 30 ದಿನ ದಾಟಿರಬಾರದು, ನೋವು ಭುಜದಿಂದ ಕೆಳಗೆ ಇಳಿದಿರಬಾರದು, ಮೇಲೆ ನೋಡಿದರೆ ನೋವು ಹೆಚ್ಚಾಗಬಾರದು, ಓಡಾಡಿದರೆ ಕೆಡುಕಾದೀತು ಎಂಬ ಭಯ ಕಡಿಮೆ ಇರಬೇಕು, ಬೆನ್ನಿನ ಮೇಲ್ಭಾಗದ ಬಾಗು ಕಡಿಮೆ ಇರಬೇಕು, ಕುತ್ತಿಗೆ ಹಿಂದಕ್ಕೆ 30 ಡಿಗ್ರಿಗಿಂತ ಕಡಿಮೆ ಬಾಗಬೇಕು. ಆರರಲ್ಲಿ ಮೂರು ಗುರುತು ಇದ್ದರೆ ಗುಣವಾಗುವ ಸಾಧ್ಯತೆ ಶೇ 54ರಿಂದ ಶೇ 86ಕ್ಕೆ ಏರುತ್ತದೆ ಎಂಬ ಲೆಕ್ಕ ಬಂತು. 2012ರಲ್ಲಿ 82 ಜನರನ್ನು ನೋಡಿ ನಾಲ್ಕು ಗುರುತುಗಳ ಮತ್ತೊಂದು ಪಟ್ಟಿ ಬಂತು. ಅದರಲ್ಲಿ ನೋವಿನ ವಯಸ್ಸು 38 ದಿನದ ಒಳಗಿರಬೇಕು ಎಂಬುದೂ, ಈ ಚಿಕಿತ್ಸೆಯಿಂದ ಗುಣವಾಗುತ್ತದೆ ಎಂಬ ನಂಬಿಕೆ ರೋಗಿಗೆ ಇರಬೇಕು ಎಂಬುದೂ ಸೇರಿದ್ದವು.

2007ರ ಪಟ್ಟಿ ಮಾಡಿದವರು ಪ್ರಾಮಾಣಿಕರು. ತಮ್ಮ ಪಟ್ಟಿಯನ್ನು ತಾವೇ ಒರೆಗೆ ಹಚ್ಚಿದರು. 140 ಜನರನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ, ಒಂದಕ್ಕೆ ವ್ಯಾಯಾಮ ಮಾತ್ರ, ಇನ್ನೊಂದಕ್ಕೆ ಕೈಚಿಕಿತ್ಸೆ ಮತ್ತು ವ್ಯಾಯಾಮ ಕೊಟ್ಟರು. 2010ರಲ್ಲಿ ಫಲಿತಾಂಶ ಬಂತು. ಪಟ್ಟಿ ನಿಲ್ಲಲಿಲ್ಲ. ಕೈಚಿಕಿತ್ಸೆ ಪಡೆದ ಗುಂಪು ಹೆಚ್ಚು ಸುಧಾರಿಸಿತು ನಿಜ, ಆದರೆ ಗುರುತುಗಳು ಇದ್ದವರಿಗೂ ಇಲ್ಲದವರಿಗೂ ಆ ಲಾಭ ಒಂದೇ ರೀತಿಯಲ್ಲಿ ಸಿಕ್ಕಿತ್ತು. ಯಾರಿಗೆ ಹತ್ತುತ್ತದೆ ಎಂದು ಆರಿಸುವ ಶಕ್ತಿ ಆ ಪಟ್ಟಿಗೆ ಇರಲಿಲ್ಲ.

ಯಾಕೆ ಹೀಗಾಯಿತು ಎಂಬುದನ್ನು ನಮ್ಮ ತೊಗರಿ ಹೊಲದಿಂದ ಹೇಳುತ್ತೇನೆ. ಊರಿನ ಎಲ್ಲ ಹೊಲಗಳಿಗೂ ಒಂದು ಹೊಸ ಗೊಬ್ಬರ ಹಾಕಿದರು ಎನ್ನಿ. ಸುಗ್ಗಿಯಲ್ಲಿ ಯಾವ ಹೊಲ ಚೆನ್ನಾಗಿ ಬಂತು ಎಂದು ನೋಡಿದರೆ ಆಳವಾದ ಕಪ್ಪು ಮಣ್ಣು ಇದ್ದದ್ದು, ನೀರು ನಿಲ್ಲದ್ದು ಬಂದಿರುತ್ತದೆ. "ಕಪ್ಪು ಮಣ್ಣಿಗೆ ಈ ಗೊಬ್ಬರ ಹತ್ತುತ್ತದೆ" ಎಂದು ಬರೆದಿಟ್ಟರೆ ತಪ್ಪಾಗುತ್ತದೆ, ಏಕೆಂದರೆ ಆ ಹೊಲ ಗೊಬ್ಬರ ಇಲ್ಲದೆಯೂ ಚೆನ್ನಾಗಿಯೇ ಬರುತ್ತಿತ್ತು. ಗೊಬ್ಬರದ ಗುಣ ತಿಳಿಯಬೇಕಾದರೆ ಅಂಥದೇ ಮಣ್ಣಿನ, ಗೊಬ್ಬರ ಹಾಕದ ಹೊಲವೂ ಪಕ್ಕದಲ್ಲಿ ಇರಬೇಕು. ಆ ಮೊದಲ ಪಟ್ಟಿಗಳೆಲ್ಲ ಗೊಬ್ಬರ ಹಾಕಿದ ಹೊಲವನ್ನಷ್ಟೇ ನೋಡಿ ಮಾಡಿದವು. ನೋವು ಶುರುವಾಗಿ ತಿಂಗಳಾಗದವರು, ಕೈಗೆ ನೋವು ಇಳಿಯದವರು, ಭಯಪಡದವರು ಯಾವ ಚಿಕಿತ್ಸೆ ಕೊಟ್ಟರೂ, ಕೊಡದಿದ್ದರೂ, ಬೇಗ ಸುಧಾರಿಸುವ ಜನ. ಪಟ್ಟಿ ಗುರುತಿಸಿದ್ದು ಅವರನ್ನು.

ನಿಮ್ಮ ಭಾವನ ವಿಷಯವನ್ನೂ ಇದೇ ಕಣ್ಣಿನಿಂದ ನೋಡಿ. ಅವರ ನೋವಿಗೆ ಆಗ ಎಷ್ಟು ದಿನವಾಗಿತ್ತು ಎಂದು ಕೇಳಿ. ಮೂರು ವಾರದ ನೋವು ನಾಲ್ಕು ಭೇಟಿಯಲ್ಲಿ ಹೋಗಿದ್ದರೆ, ಅದರಲ್ಲಿ ಕೈಯ ಪಾಲು ಎಷ್ಟು, ಕಾಲದ ಪಾಲು ಎಷ್ಟು ಎಂದು ಬೇರೆ ಮಾಡಿ ಹೇಳಲು ಯಾರಿಗೂ ಆಗದು. ಜನ ಬರುವುದೂ ನೋವು ತುದಿಗೇರಿದ ದಿನವೇ. ತುದಿಗೇರಿದ್ದು ಎಷ್ಟೋ ಸಲ ತಾನಾಗಿಯೇ ಇಳಿಯುತ್ತದೆ.

ಎರಡು ವರ್ಷದ ನೋವಿಗೆ ಇದರಿಂದ ಏನು ಅರ್ಥ? ಗುರುತಿನ ಪಟ್ಟಿಗಳಲ್ಲಿ 30 ದಿನ, 38 ದಿನ ಎಂದಿದೆ, ನನ್ನದು ಕೈ ಮೀರಿತು ಎಂದುಕೊಳ್ಳಬೇಡಿ. ಪಟ್ಟಿಯೇ ಬಿದ್ದುಹೋದ ಮೇಲೆ ಅದರ ದಿನದ ಲೆಕ್ಕಕ್ಕೂ ಬೆಲೆಯಿಲ್ಲ. ಕುತ್ತಿಗೆಯಿಂದ ಹುಟ್ಟುವ ತಲೆನೋವಿನ ಬಗ್ಗೆ ಆಸ್ಟ್ರೇಲಿಯಾದವರು 2002ರಲ್ಲಿ ಪ್ರಕಟಿಸಿದ 200 ಜನರ ಪ್ರಯೋಗದಲ್ಲಿ ಕೈಚಿಕಿತ್ಸೆಯಿಂದಲೂ, ನಿರ್ದಿಷ್ಟ ವ್ಯಾಯಾಮದಿಂದಲೂ ಬಂದ ಸುಧಾರಣೆ ಒಂದು ವರ್ಷದವರೆಗೆ ಉಳಿದಿತ್ತು. ಆಮೇಲೆ 2005ರಲ್ಲಿ ಅದೇ ಜನರ ಮಾಹಿತಿ ಇಟ್ಟುಕೊಂಡು ಯಾರಿಗೆ ಹತ್ತಿತು ಎಂದು ಹುಡುಕಿದರು. ವಯಸ್ಸಾಗಲಿ, ಗಂಡು ಹೆಣ್ಣೆಂಬುದಾಗಲಿ, ತಲೆನೋವು ಎಷ್ಟು ವರ್ಷದ್ದು ಎಂಬುದಾಗಲಿ ಫಲವನ್ನು ಮುಂಚಿತವಾಗಿ ಹೇಳಲಿಲ್ಲ. ಹಳೆಯ ನೋವು ಎಂಬ ಒಂದೇ ಕಾರಣಕ್ಕೆ ಬಾಗಿಲು ಮುಚ್ಚುವುದಿಲ್ಲ. ಹಾಗೆಂದು ಭಾವನ ಹಾಗೆ ನಾಲ್ಕು ಭೇಟಿಯಲ್ಲಿ ಪೂರಾ ಹೋಗುತ್ತದೆ ಎಂಬ ಆಸೆಯನ್ನೂ ನಾನು ಕೊಡಲಾರೆ.

ಎಕ್ಸ್‌ರೇಯ "ಮಣಿ ಸವೆದಿವೆ" ಎಂಬ ಮಾತನ್ನು ಬಹಳ ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಜಪಾನಿನಲ್ಲಿ ಕುತ್ತಿಗೆಯ ಯಾವ ತೊಂದರೆಯೂ ಇಲ್ಲದ 1,211 ಜನರ ಎಂಆರ್‌ಐ ತೆಗೆದು 2015ರಲ್ಲಿ ವರದಿ ಮಾಡಿದರು. ಶೇ 87.6 ಜನರಲ್ಲಿ ಡಿಸ್ಕ್, ಅಂದರೆ ಮಣಿಗಳ ನಡುವಿನ ಮೆತ್ತೆ, ಉಬ್ಬಿತ್ತು. ಇಪ್ಪತ್ತರ ಹರೆಯದವರಲ್ಲೂ ಬಹುಪಾಲು ಜನರಲ್ಲಿ ಅದು ಕಂಡಿತು. ಹಾಗಾಗಿ 46ರ ನಿಮ್ಮ ಎಕ್ಸ್‌ರೇಯಲ್ಲಿ ಸವೆತ ಕಂಡದ್ದರಿಂದ ಚಿಕಿತ್ಸೆ ಹತ್ತುತ್ತದೆ ಎಂದೂ ಹೇಳಲಾಗದು, ಹತ್ತುವುದಿಲ್ಲ ಎಂದೂ ಹೇಳಲಾಗದು. "ಮಣಿ ಜಾಗ ಬಿಟ್ಟಿದೆ, ಕೂಡಿಸುತ್ತೇನೆ" ಎನ್ನುವವರನ್ನೂ ನಂಬಬೇಡಿ. ಕೈಯಿಂದ ಒತ್ತಿದಾಗ ಎಲುಬು ಜಾಗ ಬದಲಿಸುವುದಿಲ್ಲ. ಆ ಒತ್ತಡದಿಂದ ನರಮಂಡಲ ನೋವನ್ನು ಸ್ವಲ್ಪ ಹೊತ್ತು ತಗ್ಗಿಸುತ್ತದೆ, ಬಿಗಿದ ಸ್ನಾಯು ಸಡಿಲಾಗುತ್ತದೆ, ಕುತ್ತಿಗೆ ಹೆಚ್ಚು ತಿರುಗುತ್ತದೆ. ನೆಟಿಗೆಯ ಸದ್ದು ಕೀಲಿನ ದ್ರವದಲ್ಲಿ ಅನಿಲದ ಪೊಳ್ಳು ಹುಟ್ಟುವುದರದ್ದು. ಸದ್ದು ಬಂದರೆ ಗುಣ, ಬರದಿದ್ದರೆ ಇಲ್ಲ ಎಂಬುದೇನೂ ಇಲ್ಲ.

ರೋಗಿಯ ನಂಬಿಕೆ ಮಾತ್ರ ಲೆಕ್ಕಕ್ಕೆ ಬರುತ್ತದೆ. ಮೇಲೆ ಹೇಳಿದ 140 ಜನರ ಮಾಹಿತಿಯನ್ನೇ ಮತ್ತೆ ಪರಿಶೀಲಿಸಿದಾಗ, ಕೈಚಿಕಿತ್ಸೆಯಿಂದ ಗುಣವಾಗುತ್ತದೆ ಎಂದು ನಂಬಿದ್ದು ಅದು ಸಿಗದೆ ಹೋದವರು ಸಿಕ್ಕವರಿಗಿಂತ ಹಿಂದೆ ಬಿದ್ದಿದ್ದರು. ಭಾವನನ್ನು ನೋಡಿ ನಿಮಗೆ ಹುಟ್ಟಿರುವ ಭರವಸೆ ನಿಮ್ಮ ಪರವಾಗಿಯೇ ಇದೆ. ಒಮ್ಮೆ ಮಾಡಿ ನೋಡಿ ಎಂದು ನಾನು ಹೇಳುವುದಕ್ಕೆ ಇದೂ ಒಂದು ಕಾರಣ. ಇದರ ಇನ್ನೊಂದು ಮುಖವೂ ಉಂಟು. ನಿದ್ದೆ ಕೆಟ್ಟವರು, ಕುತ್ತಿಗೆ ಅಷ್ಟೇ ಅಲ್ಲದೆ ಸೊಂಟ, ಮೊಣಕಾಲು, ತಲೆ ಎಲ್ಲ ಕಡೆ ನೋಯುವವರು, ಅಲುಗಾಡಿದರೆ ನರ ಹರಿದೀತು ಎಂದು ಹೆದರಿ ಕೂತವರು ಯಾವ ಚಿಕಿತ್ಸೆಯಲ್ಲಿದ್ದರೂ ನಿಧಾನವಾಗಿ ಸುಧಾರಿಸುತ್ತಾರೆ. ಅವರಿಗೆ ಕೈ ಸಾಲದು, ಜೊತೆಗೆ ನಿದ್ದೆಯ, ಭಯದ, ಮನಸ್ಸಿನ ಆರೈಕೆಯೂ ಬೇಕು. ನೀವು ಇದ್ಯಾವುದನ್ನೂ ಬರೆದಿಲ್ಲ. ಇದ್ದರೆ ನೋಡುವವರ ಮುಂದೆ ಮುಚ್ಚಿಡಬೇಡಿ.

ಹಾಗಾದರೆ ನಿಮಗೆ ಹತ್ತುತ್ತದೋ ಇಲ್ಲವೋ ತಿಳಿಯುವುದು ಹೇಗೆ? ನನಗೆ ನಂಬಿಕೆ ಇರುವ ದಾರಿ ಒಂದೇ. ಅಳತೆ ಇಟ್ಟುಕೊಂಡು, ಗಡುವು ಇಟ್ಟುಕೊಂಡು, ಸ್ವಲ್ಪ ದಿನ ಮಾಡಿ ನೋಡುವುದು. ಹೋಗುವ ಹಿಂದಿನ ದಿನವೇ ಕುತ್ತಿಗೆಯಿಂದಾಗಿ ಕಷ್ಟವಾದ ಮೂರು ಕೆಲಸಗಳನ್ನು ಕಾಗದದ ಮೇಲೆ ಬರೆಯಿರಿ. ಒಂದು ತಾಸು ಬಗ್ಗಿ ಕೆತ್ತುವುದು, ಬೈಕ್ ಓಡಿಸುವಾಗ ಬಲಕ್ಕೆ ತಿರುಗಿ ಹಿಂದೆ ನೋಡುವುದು, ಬಲಮಗ್ಗುಲಲ್ಲಿ ಮಲಗುವುದು, ಹೀಗೆ. ಪ್ರತಿಯೊಂದಕ್ಕೂ 10ಕ್ಕೆ ಎಷ್ಟು ಆಗುತ್ತದೆ ಎಂದು ಅಂಕ ಕೊಡಿ, ನೋವು 10ಕ್ಕೆ ಎಷ್ಟು ಎಂದೂ ಬರೆಯಿರಿ. ಗೋಡೆಗೆ ಎದುರಾಗಿ ಕುರ್ಚಿಯಲ್ಲಿ ಕೂತು, ಭುಜ ಅಲುಗಿಸದೆ ಬಲಕ್ಕೆ ತಿರುಗಿದಾಗ ಮೂಗು ಎಲ್ಲಿಯವರೆಗೆ ಹೋಗುತ್ತದೋ ಅಲ್ಲೊಂದು ಗುರುತು ಹಾಕಿಸಿ. ಆಸ್ಪತ್ರೆಯಲ್ಲಿ ನೆಕ್ ಡಿಸಬಿಲಿಟಿ ಇಂಡೆಕ್ಸ್ ಎಂಬ ಹತ್ತು ಪ್ರಶ್ನೆಗಳ ಅಳತೆಯನ್ನೂ ತುಂಬಿಸಿಕೊಳ್ಳಲಿ. 1991ರಿಂದ ಬಳಕೆಯಲ್ಲಿರುವ ಅದರಲ್ಲಿ ಒಟ್ಟು 50 ಅಂಕ, ಹೆಚ್ಚು ಅಂಕವೆಂದರೆ ಹೆಚ್ಚು ತೊಂದರೆ.

ಮೊದಲ ಭೇಟಿಯಲ್ಲಿ ಚಿಕಿತ್ಸೆಗೆ ಮುಂಚೆ ಒಮ್ಮೆ, ಆದ ತಕ್ಷಣ ಒಮ್ಮೆ ಕುತ್ತಿಗೆ ತಿರುಗಿಸಿ ಅಳೆಸಿಕೊಳ್ಳಿ. ಅಂದೇ ಬಲಕ್ಕೆ ಹೆಚ್ಚು ತಿರುಗುವ ಹಾಗಾದರೆ, ಆ ಲಾಭ ಮುಂದಿನ ಭೇಟಿಯವರೆಗೂ ಉಳಿಯುವ ಸಂಭವ ಹೆಚ್ಚು. ಯಾವ ಪಟ್ಟಿಗಿಂತಲೂ ಈ ಸೂಚನೆಗೆ ನಾನು ಹೆಚ್ಚು ಬೆಲೆ ಕೊಡುತ್ತೇನೆ. ಆ ಹೊತ್ತಿಗೆ ಹಾಯೆನಿಸಿತು ಎಂಬುದನ್ನು ಮಾತ್ರ ಅಷ್ಟು ನೆಚ್ಚಬೇಡಿ. ಬೆಚ್ಚಗಿನ ಕೈ ತಾಗಿದರೆ ಯಾರಿಗಾದರೂ ಹಾಯೆನಿಸುತ್ತದೆ. ಬೀದರಕ್ಕೆ ಮರಳುವ ರೈಲಿನಲ್ಲಿ ಕುತ್ತಿಗೆ ಮತ್ತೆ ಬಿಗಿಯಬಹುದು, ಆದ್ದರಿಂದ ಮನೆಯ ಗೋಡೆಯ ಗುರುತನ್ನು ಮರುದಿನ ಬೆಳಿಗ್ಗೆ ನೋಡಿ.

ಎಷ್ಟು ಭೇಟಿ? ನೆದರ್ಲೆಂಡ್ಸ್‌ನಲ್ಲಿ 183 ಜನರ ಮೇಲೆ ಮಾಡಿ 2002ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕೈಚಿಕಿತ್ಸೆಯನ್ನು ವಾರಕ್ಕೊಮ್ಮೆ, ಹೆಚ್ಚೆಂದರೆ ಆರು ಸಲ ಮಾತ್ರ ಕೊಟ್ಟಿದ್ದರು. ಏಳನೆಯ ವಾರದಲ್ಲಿ ಆ ಗುಂಪಿನ ಶೇ 68.3 ಜನ ಸುಧಾರಿಸಿದ್ದರು. ವ್ಯಾಯಾಮ ಪ್ರಧಾನವಾದ ಫಿಜಿಯೋಥೆರಪಿಯಲ್ಲಿ ಅದು ಶೇ 50.8, ಕುಟುಂಬ ವೈದ್ಯರ ಆರೈಕೆಯಲ್ಲಿ ಶೇ 35.9. ವರ್ಷ ಕಳೆಯುವ ಹೊತ್ತಿಗೆ ಈ ಅಂತರ ಕಿರಿದಾಗಿತ್ತು. ಈ ಅಂಕಿಗಳಲ್ಲಿ ನಾನು ಓದುವುದು ಎರಡು ಮಾತು: ಕೈ ಬೇಗ ಆರಾಮ ಕೊಡುತ್ತದೆ, ಮತ್ತು ಆರು ಸಲದ ಒಳಗೆ ಕಾಣದ ಗುಣಕ್ಕಾಗಿ ಇಪ್ಪತ್ತು ಸಲ ಓಡಾಡಬೇಕಿಲ್ಲ. ದುಡಿಮೆ ಬಿಟ್ಟು ಬರುವ ನಿಮಗೆ ನಾಲ್ಕು ಭೇಟಿಯ ಗಡುವು ಸಾಕು. ನಾಲ್ಕನೆಯದರ ಹೊತ್ತಿಗೆ ನೋವಿನ ಅಂಕ ಎರಡಾದರೂ ಇಳಿದಿರಬೇಕು, 50ರ ಆ ಅಳತೆ ಏಳೆಂಟು ಅಂಕ ಕಡಿಮೆಯಾಗಿರಬೇಕು, ಇಲ್ಲವೇ ನೀವೇ ಬರೆದ ಮೂರರಲ್ಲಿ ಎರಡು ಕೆಲಸ ಎದ್ದು ಕಾಣುವಷ್ಟು ಸಲೀಸಾಗಿರಬೇಕು. ಯಾವುದೂ ಆಗದಿದ್ದರೆ ಕೈಚಿಕಿತ್ಸೆ ನಿಲ್ಲಿಸಿ. "ಇನ್ನೂ ಹತ್ತು ಸಿಟ್ಟಿಂಗ್ ಆಗಲಿ" ಎಂದು ಮುಂಗಡ ಕೇಳುವ ಕಡೆ ಹಣ ಕಟ್ಟಬೇಡಿ.

ಹತ್ತಿದರೂ ಹತ್ತದಿದ್ದರೂ ಎರಡು ವರ್ಷದ ಕುತ್ತಿಗೆಗೆ ಬೇಕೇ ಬೇಕಾದದ್ದು ಬಲ. ಫಿನ್‌ಲೆಂಡಿನಲ್ಲಿ ಕಚೇರಿ ಕೆಲಸದ 180 ಮಹಿಳೆಯರು, ಎಲ್ಲರೂ ಹಳೆಯ ಕುತ್ತಿಗೆ ನೋವಿನವರು, ಒಂದು ವರ್ಷ ವ್ಯಾಯಾಮ ಮಾಡಿದ ಪ್ರಯೋಗ 2003ರಲ್ಲಿ ಪ್ರಕಟವಾಯಿತು. ವಾರಕ್ಕೆ ಮೂರು ಸಲ ಕುತ್ತಿಗೆ, ಭುಜಗಳಿಗೆ ಬಲ ಮತ್ತು ತಾಳಿಕೆಯ ವ್ಯಾಯಾಮ ಮಾಡಿದ ಎರಡು ಗುಂಪುಗಳೂ, ಬರೀ ಮೈ ಎಳೆದು ಸಡಿಲಿಸುವ ವ್ಯಾಯಾಮ ಮಾಡಿದವರಿಗಿಂತ ಬಹಳ ಮುಂದೆ ಹೋದವು. ಕುತ್ತಿಗೆಯನ್ನು ಮುಂದಕ್ಕೆ ಬಾಗಿಸುವ ಬಲ, ಬಲದ ವ್ಯಾಯಾಮ ಮಾಡಿದ ಗುಂಪಿನಲ್ಲಿ ಶೇ 110ರಷ್ಟು ಹೆಚ್ಚಿತ್ತು. ಕೈಚಿಕಿತ್ಸೆಯಿಂದ ನೋವು ತಗ್ಗಿದ ಆ ಒಂದೆರಡು ದಿನವೇ ವ್ಯಾಯಾಮ ಕಲಿಯಲು ತಕ್ಕ ಹೊತ್ತು. ಹಾಗಾಗಿ ಮೊದಲ ಭೇಟಿಯಲ್ಲೇ ಕಲಿಸಿ ಎಂದು ಕೇಳಿ. ಮಲಗಿಸಿ, ಒತ್ತಿ, ಕರೆಂಟ್ ಹಿಡಿಸಿ ಕಳಿಸಿಬಿಟ್ಟರೆ ಅರ್ಧ ಕೆಲಸ ಉಳಿದಂತೆಯೇ.

ನಿಮ್ಮ ಕೂರುವ ರೀತಿಯನ್ನೂ ನೋಡಬೇಕು. ನೆಲದ ಮೇಲೆ ಕೂತು, ತಲೆ ಬಗ್ಗಿಸಿ, ಕಣ್ಣನ್ನು ಹೂಜಿಯ ಮೈಗೆ ಹತ್ತಿರ ಒಯ್ದು ತಾಸುಗಟ್ಟಲೆ ಕೆತ್ತುತ್ತೀರಿ. ಬಿದ್ರಿಯ ನಯ ಬರುವುದೇ ಆ ಹತ್ತಿರದ ನೋಟದಿಂದ, ಅದನ್ನು ಬಿಡಿ ಎಂದು ಹೇಳುವುದಿಲ್ಲ. ಕೆತ್ತುವ ವಸ್ತುವನ್ನು ಮರದ ಮಣೆಯ ಮೇಲಿಟ್ಟು ಒಂದು ಗೇಣು ಎತ್ತರಿಸಿ, ಬೆಳಕು ಎಡಗಡೆಯ ಮೇಲಿನಿಂದ ಬರಲಿ. 46 ಎಂದರೆ ಹತ್ತಿರದ್ದು ಮಸುಕಾಗುವ ವಯಸ್ಸು, ಕಣ್ಣು ಪರೀಕ್ಷೆ ಮಾಡಿಸಿ. ಕನ್ನಡಕ ಇಲ್ಲದ್ದಕ್ಕೇ ತಲೆ ಇನ್ನಷ್ಟು ಬಗ್ಗುತ್ತಿರಬಹುದು. ಅರ್ಧ ತಾಸಿಗೊಮ್ಮೆ ಎದ್ದು, ಎರಡೂ ಕಡೆ ಕುತ್ತಿಗೆ ತಿರುಗಿಸಿ, ಭುಜ ಹಿಂದಕ್ಕೆ ಎಳೆದು ಮತ್ತೆ ಕೂರಿ.

ಕೈಯಲ್ಲಿರುವ ದುಡ್ಡಿಗೆ ಮೂರೇ ಸಲ ಬರಲು ಸಾಧ್ಯ ಎಂದಾದರೆ ಹೀಗೆ ಮಾಡಿ. ಮೊದಲೆರಡು ಭೇಟಿಯನ್ನು ಒಂದೇ ವಾರದ ಅಂತರದಲ್ಲಿ ಇಟ್ಟುಕೊಳ್ಳಿ, ಎರಡರಲ್ಲೂ ಅಳತೆ, ಚಿಕಿತ್ಸೆ, ವ್ಯಾಯಾಮ ಮೂರೂ ಆಗಲಿ. ಮೂರನೆಯದನ್ನು ತಕ್ಷಣ ಖರ್ಚು ಮಾಡದೆ ಆರನೆಯ ವಾರಕ್ಕೆ ಉಳಿಸಿ. ಆಗ ನೀವು ಮನೆಯಲ್ಲಿ ವ್ಯಾಯಾಮ ಸರಿಯಾಗಿ ಮಾಡುತ್ತಿದ್ದೀರಾ ಎಂದು ಅವರು ನೋಡಿ, ಭಾರ ಹೆಚ್ಚಿಸಿ ಕೊಡಬೇಕು. ನಡುವೆ ಏನಾದರೂ ಕೇಳಬೇಕಾದರೆ ಫೋನಿನಲ್ಲಿ ಕೇಳಬಹುದೇ ಎಂದು ಮೊದಲ ದಿನವೇ ವಿಚಾರಿಸಿಕೊಳ್ಳಿ.